ಕುಡುಕನ ಪಾತ್ರ ಕೈತಪ್ಪಿದ ವರ್ಷ

ಮೊನ್ನೆ ತಾಮ್ರದ ತಂತಿ ತರಲಿಕ್ಕೆ ಅಂತ ತೀರ್ಥಹಳ್ಳಿಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದು ಶಾಲೆಯ ಕಾಂಪೌಂಡಿನ ಪಕ್ಕ ನೆರಳಲ್ಲಿ ನಿಂತುಕೊಂಡೆ. ಒಳಗೆ ವಾರ್ಷಿಕೋತ್ಸವದ ಗಲಾಟೆ. ಕಿಟಕಿಯ ಹತ್ತಿರ ಯಾರೋ ಒಬ್ಬರು ಮಗುವಿಗೆ ಗಡ್ಡ ಅಂಟಿಸ್ತಾ ಇದ್ದರು. ಅಲ್ಲಿಂದ ಸ್ಪಿರಿಟ್ ಗಮ್ಮಿನ ವಾಸನೆ ಬಂತು ನೋಡಿ, ನನ್ನ ಹೊಟ್ಟೆಯೊಳಗೆ ಹಳೇ ಉರಿ ಮತ್ತೆ ಭುಗ್ ಅಂತು. ಗಡ್ಡ ಮೀಸೆ ಅಂಟಿಸುವ ಆ ಅಂಟಿಗೆ ಸಾರಾಯಿಯದೇ ಘಾಟು. ಬೇರೆಯವರಿಗೆ ಅದು ನಾಟಕದ ವಾಸನೆ. ನನಗೆ ಮಾತ್ರ ಪ್ರಭಾಕರ ಮೇಷ್ಟ್ರ ವಾಸನೆ.

ಯಾರು ಈ ಪ್ರಭಾಕರ ಮೇಷ್ಟ್ರು ಅಂತ ಹೇಳುವ ಮೊದಲು ನಾನು ಯಾರು ಅಂತ ಹೇಳಬೇಕು. ಹೊಸನಗರದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿಗೆ ಹೊಸ ತಂತಿ ಸುತ್ತಿಕೊಡೋದು ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಸತ್ಯನಾರಾಯಣ. ಆದರೆ ಪೇಟೆಯಲ್ಲಿ ಹಾಗೆ ಕೇಳಿದರೆ ಯಾರಿಗೂ ಗೊತ್ತಾಗಲ್ಲ. 'ಕುಡುಕ ಸತ್ಯಣ್ಣನ ಅಂಗಡಿ' ಅನ್ನಿ, ಬಸ್‌ಸ್ಟ್ಯಾಂಡಿನ ಹೂವಿನವಳೂ ಕೈ ತೋರಿಸ್ತಾಳೆ. ಆಣೆ ಮಾಡಿ ಹೇಳ್ತೀನಿ, ಜನ್ಮದಲ್ಲಿ ಒಂದು ಹನಿ ನಾಲಿಗೆಗೆ ಮುಟ್ಟಿಸಿದವನಲ್ಲ ನಾನು. ಆ ಹೆಸರು ಬಂದದ್ದು ನಾಟಕದಿಂದ. ನಮ್ಮ ಊರಿನ ಹವ್ಯಾಸಿ ತಂಡ ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಒಂದು ಸಾಮಾಜಿಕ ನಾಟಕ ಆಡ್ತದೆ. ಕಥೆ ಯಾವುದೇ ಇರಲಿ, ಅದರಲ್ಲಿ ಒಬ್ಬ ಕುಡುಕ ಇರಲೇಬೇಕು. ಆ ಕುಡುಕ ನಾನು. ಮೀಸೆ ಮೂಡಿದ ಕಾಲದಿಂದ ಆ ಪಾತ್ರ ನನ್ನದು. ನಾನು ಪರದೆ ಸರಿಸಿ ಒಂದು ಕಾಲು ಹೊರಗಿಟ್ಟರೆ ಸಾಕು, ಮಾತಾಡೋದೇ ಬೇಡ, ಜನ ನಗಲಿಕ್ಕೆ ಶುರು ಮಾಡ್ತಿದ್ದರು.

ಅದರ ಗುಟ್ಟು ಈಗ ಹೇಳಿಬಿಡ್ತೀನಿ, ಇನ್ನು ಮುಚ್ಚಿಟ್ಟು ಎಂತ ಮಾಡೋದು. ಕಳಪೆ ನಟ ಕುಡುಕನ ಪಾತ್ರ ಸಿಕ್ಕಿದ ಕೂಡಲೆ ವಾಲಾಡ್ತಾನೆ, ತೊದಲ್ತಾನೆ. ನಿಜವಾದ ಕುಡುಕ ವಾಲಾಡಲಿಕ್ಕೆ ಯತ್ನ ಮಾಡಲ್ಲ ಮಾರಾಯ್ರೆ, ನೆಟ್ಟಗೆ ನಿಲ್ಲಲಿಕ್ಕೆ ಯತ್ನ ಮಾಡ್ತಾನೆ. ಅಂಗಿಯ ಗುಂಡಿ ಸರಿಯಿದೆಯಾ ಅಂತ ಮುಟ್ಟಿ ನೋಡ್ಕೊಳ್ತಾನೆ. ದೊಡ್ಡ ಮನುಷ್ಯನ ಹಾಗೆ ಅಳೆದು ಅಳೆದು ಹೆಜ್ಜೆ ಇಡ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾನು ಕಂಡುಕೊಂಡ ವಿದ್ಯೆ ಇದು. ಸಾಗರದಿಂದ ನಾಟಕ ನೋಡಲಿಕ್ಕೆ ಬಂದವರೂ ಇದನ್ನು ಹೊಗಳಿ ಹೋಗಿದ್ದುಂಟು.

ಹೊಗಳದೇ ಇದ್ದವಳು ಒಬ್ಬಳೇ, ನನ್ನ ಹೆಂಡತಿ ಲಲಿತ. ಹೊಗಳೋದು ಹೋಗಲಿ, ಅವಳು ಒಂದು ವರ್ಷವೂ ನಾಟಕಕ್ಕೆ ಬಂದವಳಲ್ಲ. ಒಂದು ವರ್ಷ ತಲೆನೋವು, ಒಂದು ವರ್ಷ ಕರು ಹಾಕಿದ ದನ, ಒಂದು ವರ್ಷ 'ಮನೆಯಲ್ಲಿ ಯಾರಾದ್ರೂ ಇರಬೇಕಲ್ಲ.' ನಾಟಕ ಅಂದರೆ ಅವಳಿಗೆ ಅಷ್ಟಕ್ಕಷ್ಟೆ ಅಂತ ನಾನು ತಿಳಿದಿದ್ದೆ. ಅವಳ ತವರು ಮಂಡಗದ್ದೆ ಹತ್ತಿರ. ಅವಳ ಅಪ್ಪ ನಮ್ಮ ಮದುವೆಗೆ ಮುಂಚೆಯೇ ತೀರಿಹೋಗಿದ್ದರು. ಸ್ವಲ್ಪ ತಗೊಳ್ತಿದ್ದರಂತೆ ಅಂತ ಯಾರೋ ಹೇಳಿದ್ದು ಕೇಳಿದ್ದೆ. ಸ್ವಲ್ಪ ತಗೊಳ್ಳದವರು ಯಾರಿದಾರೆ ಅಂತ ಅದನ್ನು ಅಲ್ಲಿಗೇ ಬಿಟ್ಟಿದ್ದೆ.

ಮೇಷ್ಟ್ರು ನಮ್ಮ ಊರಿಗೆ ಬಂದ ವರ್ಷ ಗಣಪತಿ ನೀರಿಗೆ ಬಿಟ್ಟ ಮೇಲೆ, ಮಳೆ ಇನ್ನೇನು ಹೊರಟೆ ಹೊರಟೆ ಅಂತ ಬಾಗಿಲಲ್ಲೇ ನಿಂತಿದ್ದ ದಿನಗಳಲ್ಲಿ, ನಮ್ಮ ತಾಲೀಮು ಶುರುವಾಯಿತು. ನನಗೆ ಅದು ಬಿಡುವಿನ ಕಾಲ. ಹೊಳೆ ಹಳ್ಳದಲ್ಲೆಲ್ಲ ನೀರಿರುವಾಗ ಪಂಪ್‌ಸೆಟ್ ಯಾಕೆ ಸುಡ್ತದೆ? ಸಂಜೆ ಐದಕ್ಕೇ ಅಂಗಡಿ ಬಾಗಿಲು ಎಳೆದು ಹೈಸ್ಕೂಲಿನ ಹಾಲಿಗೆ ಹೋಗ್ತಿದ್ದೆ. ನಿರ್ದೇಶಕರು ನಾಗೇಂದ್ರ ಭಟ್ಟರು, ಸಾಗರದ ಕಡೆಯಿಂದ ಬಂದು ನಮ್ಮಲ್ಲೇ ನೆಲೆ ನಿಂತವರು. ಸಿಟ್ಟು ಬಂದರೂ ಖುಷಿಯಾದರೂ ಹವ್ಯಕರ ಮನೆಮಾತೇ ಬಾಯಿಗೆ ಬರೋದು ಅವರಿಗೆ. ಅವರು ಒಂದು ಸಂಜೆ ಹೊಸಬರೊಬ್ಬರನ್ನು ಕರ್ಕೊಂಡು ಬಂದರು. ಕಾಲೇಜಿಗೆ ಹೊಸದಾಗಿ ವರ್ಗವಾಗಿ ಬಂದ ಕನ್ನಡ ಲೆಕ್ಚರರು, ಪ್ರಭಾಕರ ಅಂತ. ಇಸ್ತ್ರಿ ಮಾಡಿದ ಜುಬ್ಬ, ಹಣೆ ಮೇಲೆ ಬೀಳುವ ಕೂದಲು. ಹಾಳಾದವನು, ನೋಡಲಿಕ್ಕೂ ಚೆನ್ನಾಗಿದ್ದ.

ಮೊದಲ ದಿನ ನನ್ನ ನಡಿಗೆ ನೋಡಿ ಚಪ್ಪಾಳೆ ತಟ್ಟಿದರು. ಆಮೇಲೆ ಟೀ ಕುಡೀತಾ ಕೇಳಿದರು, "ಸತ್ಯಣ್ಣ, ನಿಮ್ಮ ಕಡೆ ಕುಡಿದವನಿಗೆ ಎಂತ ಹೇಳ್ತಾರೆ?"

"ಕುಡುಕ ಅಂತಾರೆ, ಮತ್ತೆಂತ ಹೇಳ್ತಾರೆ?" ಅಂದೆ.

"ಅದಲ್ಲ. ಕುಡುಕ ಅಂದ್ರೆ ಬೈಗುಳ ಆಯ್ತು. ಬೈಯದೆ ಹೇಳೋದು ಹೇಗೆ?"

ಅಷ್ಟೇ, ಜೇನುಹುಟ್ಟಿಗೆ ಕಲ್ಲು ಬಿದ್ದ ಹಾಗಾಯ್ತು. ಒಬ್ಬ 'ಟೈಟ್' ಅಂದ, ಇನ್ನೊಬ್ಬ 'ಎಣ್ಣೆ ಹಾಕಿದಾನೆ' ಅಂದ, ಮತ್ತೊಬ್ಬ 'ಗುಂಡು', 'ಲೋಡ್', 'ಚಿತ್', 'ಔಟ್', 'ತೇಲ್ತಿದಾನೆ', 'ಪರಮಾತ್ಮ ಒಳಗಿಳಿದಿದಾನೆ'. ಮೇಷ್ಟ್ರು ಒಂದೊಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಹಾಗೆ ಅದರ ಹುಟ್ಟು ಹೇಳಿದರು. 'ಟೈಟ್' ಇಂಗ್ಲಿಷರೇ ತಮ್ಮ ಕುಡುಕರಿಗೆ ಇಟ್ಟ ಹೆಸರಂತೆ, ತೋಟದ ದೊರೆಗಳ ಬಾಯಿಂದಲೋ ಸೈನ್ಯದವರ ಬಾಯಿಂದಲೋ ಇಳಿದು ಬಂದಿರಬೇಕಂತೆ. 'ಚಿತ್' ಗರಡಿ ಮನೆಯದು, ಬೆನ್ನು ನೆಲಕ್ಕೆ ತಾಗಿತು ಅಂತ ಅರ್ಥ. 'ಔಟ್' ಕ್ರಿಕೆಟ್ಟಿನದು. 'ಲೋಡ್' ನಮ್ಮ ಘಾಟಿ ರಸ್ತೆಯದೇ, ಮರದ ನಾಟಾ ತುಂಬಿದ ಲಾರಿ ತಿರುವಿನಲ್ಲಿ ವಾಲೋದನ್ನು ಕಂಡವರು ಹೇಳಿದ್ದು. 'ಎಣ್ಣೆ' ಅನ್ನೋದು ಹೆಂಡತಿ ಮಕ್ಕಳ ಎದುರಿಗೆ ಆಡಲಿಕ್ಕೆ ಮಾಡಿಕೊಂಡ ಕಳ್ಳಮಾತು. ಈಗ ಹೆಂಡತಿ ಮಕ್ಕಳಿಗೇ ಮೊದಲು ತಿಳೀತದೆ. 'ಗುಂಡು' ಬಾಟಲಿಯ ಆಕಾರದಿಂದ ಬಂತೋ, ತಲೆಗೆ ಹೊಡೆಯೋದರಿಂದ ಬಂತೋ, ಯಾರಿಗೂ ಖಚಿತವಿಲ್ಲ ಅಂದರು. 'ಅಮಲು' ಸರ್ಕಾರಿ ಶಬ್ದ, ಅಮಲ್ದಾರ ಅನ್ನೋದರಲ್ಲಿ ಇರೋದೂ ಅದೇ ಅಮಲು, ಅಧಿಕಾರಕ್ಕೂ ಹೆಂಡಕ್ಕೂ ಒಂದೇ ಹೆಸರು ಅಂದಾಗ ಹಾಲಿಗೆ ಹಾಲೇ ನಕ್ಕಿತು. ತೀರ್ಥಹಳ್ಳಿಯವನೊಬ್ಬ ಎದ್ದು ನಿಂತು, "ನಮ್ಮೂರಲ್ಲಿ ಮಾತ್ರ 'ತೀರ್ಥ ತಗೊಂಡು ಬಂದೆ' ಅಂದ್ರೆ ಯಾವುದು ಅಂತ ಎರಡು ಸಲ ಕೇಳ್ಬೇಕು ಸಾರ್" ಅಂದ. ಮತ್ತೆ ನಗು.

ಭಟ್ಟರೂ ತಮ್ಮವರ ಕಡೆಯಿಂದ ಬಾಯಿ ಹಾಕಿದರು. "ಎಂಗೊ ಅದ್ರ ಹೆಸರೇ ಎತ್ತದಿಲ್ಲೆ. 'ಇವತ್ತು ಅವಂಗೆ ಆರಾಮಿಲ್ಲೆ' ಹೇಳದು, ಅಷ್ಟೇಯ."

ನನಗೂ ಸುಮ್ಮನಿರಲಿಕ್ಕೆ ಆಗಲಿಲ್ಲ. ನನ್ನ ಕಸುಬಿನಿಂದಲೇ, ಮೋಟರಿನ ತಂತಿ ಸುರುಳಿಯಿಂದಲೇ, ಒಂದು ಶಬ್ದ ಕಟ್ಟಿ ಬಿಟ್ಟೆ. "ನಾವು ಕಾಯಿಲ್ ಸುಟ್ಟಿದೆ ಅಂತೀವಿ" ಅಂದೆ.

ಯಾರೂ ನಗಲಿಲ್ಲ. ಮೇಷ್ಟ್ರು ಒಬ್ಬರೇ ಮರ್ಯಾದೆಗೆ, "ಚೆನ್ನಾಗಿದೆ ಸತ್ಯಣ್ಣ" ಅಂದರು. ಆ ಮರ್ಯಾದೆ ಕಂಡು ನನ್ನ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ತಾಲೀಮು ಅನ್ನೋದು ತಾಲೀಮಾಗಿ ಉಳಿಯಲಿಲ್ಲ. ಮೊದಲೆಲ್ಲ ಟೀ ಹೊತ್ತಿಗೆ ಎಲ್ಲರೂ ನನ್ನ ಸುತ್ತ ಕೂರ್ತಿದ್ದರು. ಹಿಂದಿನ ನಾಟಕದಲ್ಲಿ ನನ್ನ ಪಂಚೆ ಮೊಳೆಗೆ ಸಿಕ್ಕಿಹಾಕಿಕೊಂಡ ಕಥೆಯನ್ನು ಎಷ್ಟು ಸಲ ಹೇಳಿದರೂ ಕೇಳ್ತಿದ್ದರು. ಈಗ ಆ ಬೆಂಚು ಮೇಷ್ಟ್ರ ಕಡೆ ತಿರುಗಿತ್ತು. ಬರುವವರು ಮನೆಯಿಂದ, ಕೇರಿಯಿಂದ, ಅಡಿಕೆ ಕೊಯ್ಯುವ ಕೊನೆಗಾರರ ಬಾಯಿಂದ ಶಬ್ದ ಹುಡುಕಿ ತಂದು ಅವರಿಗೆ ಕೊಡ್ತಿದ್ದರು, ದೇವಸ್ಥಾನಕ್ಕೆ ಹಣ್ಣುಕಾಯಿ ಕೊಟ್ಟ ಹಾಗೆ. ನಾನು ಮೂಲೆಯಲ್ಲಿ ನನ್ನ ಟೀ ಲೋಟ ಹಿಡಿದು ಕೂತಿರ್ತಿದ್ದೆ. ಆಗ ನನಗೊಂದು ಯೋಚನೆ ಬಂತು. ಕುಡಿದವನಿಗೆ ಕನ್ನಡದಲ್ಲಿ ಇಷ್ಟೊಂದು ಹೆಸರಿದೆ, ಒಂದಕ್ಕಿಂತ ಒಂದು ಮಜಾ. ಹೊಟ್ಟೆಕಿಚ್ಚು ಪಡುವವನಿಗೆ? ಹೊಟ್ಟೆಕಿಚ್ಚು, ಹೊಟ್ಟೆಯುರಿ, ಹೊಟ್ಟೆನೋವು. ಎಲ್ಲ ಹೊಟ್ಟೆಯದೇ, ಒಂದೂ ನಗುವಂಥದ್ದಲ್ಲ. ಇದನ್ನು ಮೇಷ್ಟ್ರಿಗೆ ಹೇಳಿದ್ದರೆ ಖುಷಿಪಡ್ತಿದ್ದರು. ಅದಕ್ಕೇ ಹೇಳಲಿಲ್ಲ.

ಹೊಟ್ಟೆಗೆ ಬೆಂಕಿ ಬಿದ್ದದ್ದು ಹೀಗೆ. ಅದಕ್ಕೆ ತುಪ್ಪ ಹೊಯ್ದವರು ಭಟ್ಟರು. ನವರಾತ್ರಿಗೆ ಮುಂಚೆ ಒಂದು ಸಂಜೆ ನನ್ನ ಹೆಗಲ ಮೇಲೆ ಕೈ ಹಾಕಿ ಹಾಲಿನ ಹೊರಗೆ ಕರ್ಕೊಂಡು ಹೋದರು. ನಾಟಕಕ್ಕೆ ಒಂದು ಹೊಸ ದೃಶ್ಯ ಸೇರಿಸಿದಾರಂತೆ. ಪೊಲೀಸು ಹಿಡಿದಾಗ ಕುಡುಕ ತನ್ನನ್ನು ಕುಡುಕ ಅನ್ನಬಾರದು ಅಂತ ವಾದ ಹೂಡ್ತಾನೆ, ಈ ಎಲ್ಲ ಶಬ್ದಗಳನ್ನೂ ಅವುಗಳ ವಂಶಾವಳಿಯನ್ನೂ ಹೇಳ್ತಾನೆ.

"ಉದ್ದ ಮಾತು ಇದ್ದು ಸತ್ಯಣ್ಣ. ಮೇಷ್ಟ್ರಾದ್ರೆ ಉಸಿರು ಹಿಡಿದು ಹೇಳ್ತ್ರು" ಅಂದರು.

"ಅಂದ್ರೆ?"

"ನೀ ಕಾನ್‌ಸ್ಟೇಬಲ್ ಮಾಡು. ನಿಂಗೆ ಯೂನಿಫಾರ್ಮ್ ಚೊಲೋ ಕಾಣ್ತು."

ಒಳಗೆ ಹೋದರೆ ಮೇಷ್ಟ್ರು ಎದ್ದು ಬಂದು, "ನಾನು ಬೇಡ ಅಂದೆ ಸತ್ಯಣ್ಣ, ಇದು ನಿಮ್ಮ ಪಾತ್ರ" ಅಂದರು. ನಿಜವಾಗಿ ಬೇಡ ಅಂದಿರಬೇಕು ಆ ಮನುಷ್ಯ. ಜಗಳಕ್ಕಾದರೂ ಸಿಗಬಾರದಾ! "ಛೇ ಛೇ, ಅದರಲ್ಲೇನಿದೆ ಮೇಷ್ಟ್ರೆ, ಮಾಡಿ" ಅಂತ ಹಲ್ಲು ಕಿರಿದು ಹೇಳಿ, ಮನೆಗೆ ಬಂದು ಅನ್ನದ ತಟ್ಟೆ ದೂಡಿದೆ. ಲಲಿತ ಎಂತ ಆಯ್ತು ಅಂತ ಕೇಳಿದಳು. ಪಾತ್ರ ಹೋಯ್ತು ಅಂದೆ. "ಹೋದ್ರೆ ಹೋಯ್ತು, ಒಳ್ಳೇದೇ ಆಯ್ತು" ಅಂದು ಸಾರು ಬಿಸಿ ಮಾಡಲಿಕ್ಕೆ ಎದ್ದಳು. ಊರು ಕೈಬಿಟ್ಟರೆ ಹೆಂಡತಿಯೂ ಕೈಬಿಡ್ತಾಳೆ ಅಂದುಕೊಂಡೆ.

ಆಯುಧಪೂಜೆ ದಿನ ಅಂಗಡಿಯ ಯಂತ್ರಗಳಿಗೆಲ್ಲ ಕುಂಕುಮ ಇಟ್ಟು, ಚೆಂಡುಹೂವು ಹಾಕಿ, ಪೂಜೆ ಮುಗಿಸಿದೆವು. ಪ್ರಸಾದದ ಪಂಚಕಜ್ಜಾಯ, ಕಡಲೆ ಉಸಲಿ ಉಳಿದಿತ್ತು. ತಾಲೀಮಿನವರಿಗೂ ಕೊಡುವ ಅಂತ ಲಲಿತ, ಮಗಳು ರಮ್ಯ ಇಬ್ಬರೂ ಸಂಜೆ ಹಾಲಿಗೆ ಬಂದರು. ರಮ್ಯ ಆಗ ಪಿಯುಸಿ ಓದ್ತಿದ್ದಳು, ಪ್ರಭಾಕರ ಮೇಷ್ಟ್ರ ವಿದ್ಯಾರ್ಥಿನಿ. ಲಲಿತ ನಾಟಕದ ಜಾಗಕ್ಕೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲಲ್ಲಿ ಅವಳನ್ನು ಕಂಡು ನನಗೆ ಪಾತ್ರ ಹೋದ ದುಃಖವೂ ಮರೆತಿತ್ತು.

ಅವಳು ಬೆಂಚಿನ ಮೇಲೆ ಬಾಳೆಲೆ ಚೂರು ಹಾಸಿ ಉಸಲಿ ಬಡಿಸ್ತಿದ್ದಳು. ಮೇಷ್ಟ್ರು ಎರಡೂ ಕೈ ಚಾಚಿ ಪ್ರಸಾದ ತಗೊಂಡು, ಎಲ್ಲರಿಗೂ ಕೇಳುವ ಹಾಗೇ ಕೇಳಿದರು, "ಲಲಿತಕ್ಕ, ನಿಮ್ಮ ಮಂಡಗದ್ದೆ ಕಡೆ ಕುಡಿದು ಬಂದವರಿಗೆ ಎಂತ ಹೇಳೋದು?"

ಅವಳು ಸೌಟು ಎತ್ತಿದ್ದು ಹಾಗೇ ಇತ್ತು. ಆಮೇಲೆ ಸಣ್ಣಗೆ ನಕ್ಕು, "ಊರಲ್ಲಿ ಎಂತ ಹೇಳ್ತಿದ್ರೋ. ನಮ್ಮನೇಲಿ ನೆಂಟ್ರು ಬಂದ್ರು ಅಂತಿದ್ವಿ" ಅಂದಳು.

"ನೆಂಟ್ರಾ?"

"ಹೂಂ. ಅಪ್ಪಯ್ಯ ಕುಡ್ಕೊಂಡು ಅಂಗಳಕ್ಕೆ ಕಾಲಿಟ್ಟ ಕೂಡ್ಲೆ ಅಮ್ಮ ಹೇಳೋದು, 'ನೆಂಟ್ರು ಬಂದ್ರು, ಒಳಗೆ ಹೋಗಿ' ಅಂತ. ನಾವು ಮಕ್ಕಳು ಊಟ ಮಾಡ್ತಿದ್ರೂ ಎದ್ದು ಹೋಗ್ತಿದ್ವಿ."

ಮೇಷ್ಟ್ರು ಮೆಲ್ಲಗೆ ಕೇಳಿದರು, "ಹೋದ್ರು ಅಂತ ಯಾವಾಗ ಹೇಳ್ತಿದ್ರು ಅಕ್ಕ?"

"ಬೆಳಿಗ್ಗೆ" ಅಂದಳು ಲಲಿತ. "ಯಾರಿಗೆ ಇನ್ನೂ ಸ್ವಲ್ಪ ಉಸಲಿ?"

ಭಟ್ಟರು ತೊಡೆ ತಟ್ಟಿ, "ಇದು ನಾಟಕಕ್ಕೆ ಬೇಕೇ ಬೇಕು" ಅಂದರು. ಮೇಷ್ಟ್ರು "ನೆಂಟ್ರು ಬಂದ್ರು, ನೆಂಟ್ರು ಬಂದ್ರು" ಅಂತ ಬಾಯಲ್ಲೇ ಹೇಳಿ ನೋಡ್ತಿದ್ದರು. ಇಷ್ಟು ದಿನದಲ್ಲಿ ಕೇಳಿದ ಶಬ್ದಗಳಲ್ಲಿ ಇದಕ್ಕೆ ಸಮ ಇಲ್ಲ ಅಂದರು. ಲಲಿತನ ಮುಖ ಕೆಂಪಾಯಿತು. ನಾಚಿಕೆಯೋ, ಖುಷಿಯೋ. ನಾನು ಮೂಲೆಯಲ್ಲಿ ಕಾನ್‌ಸ್ಟೇಬಲ್ ಟೋಪಿ ಹಿಡಿದು ನಿಂತಿದ್ದೆ.

ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ಪಾತ್ರ ಹೋದದ್ದು ಒಂದು ಲೆಕ್ಕವಾ? ಈ ಹೆಂಗಸಿನ ಜೊತೆ ಒಂದೇ ಸೂರಿನಡಿ ಮಗಳು ಕಾಲೇಜಿಗೆ ಹೋಗುವಷ್ಟು ಕಾಲ ಬಾಳಿದೀನಿ. ಅವಳಿಗೆ ಹಾಗಲಕಾಯಿ ಆಗಲ್ಲ, ಸಿಡಿಲಿಗೆ ಹೆದರ್ತಾಳೆ, ಎಡಗಾಲಿನ ಬೆರಳು ಚಳಿಗೆ ಜೋಮು ಹಿಡೀತದೆ, ಎಲ್ಲ ಗೊತ್ತು. ಇದು ಗೊತ್ತಿಲ್ಲ. ಈ ಶಬ್ದ ನನಗೆ ಒಂದು ದಿನವೂ ಸಿಕ್ಕಲಿಲ್ಲ. ನಿನ್ನೆ ಮೊನ್ನೆ ಬಂದ ಮನುಷ್ಯ ಕೈಯಲ್ಲಿ ಉಸಲಿ ಹಿಡ್ಕೊಂಡು ಕೇಳಿದ ಕೂಡಲೆ, ಎಲ್ಲರ ಎದುರಿಗೆ, ಸೌಟಿನಲ್ಲಿ ಬಡಿಸಿದ ಹಾಗೆ ಬಡಿಸಿಬಿಟ್ಟಳು. ಆ ರಾತ್ರಿ ಪಕ್ಕದಲ್ಲಿ ಮಲಗಿದ ಅವಳನ್ನು ಕೇಳಬೇಕು ಅಂತ ಬಾಯಿ ತುದಿಗೆ ಬಂತು. ಕೇಳಿದರೆ ನನ್ನ ಹೊಟ್ಟೆಕಿಚ್ಚು ಹೊರಗೆ ಬೀಳ್ತದಲ್ಲ ಅಂತ ಸುಮ್ಮನಾದೆ. ಅವಳು ನಿದ್ದೆ ಮಾಡಿದಳು, ನಾನು ಮಾಡಲಿಲ್ಲ.

ಆಮೇಲಿನ ದಿನಗಳಲ್ಲಿ ಬಿಸಿಲು ಕಾದಿತ್ತು, ಬೆಳಿಗ್ಗೆ ಮಂಜು. ಅಡಿಕೆ ಕೊನೆ ಇಳಿಸುವವರು ದೋಟಿ ಹಿಡಿದು ಹೊರಟಿದ್ದರು. ನನಗೆ ಮಾತ್ರ ಒಂದೇ ಧ್ಯಾನ. ಪ್ರಭಾಕರ ಮೇಷ್ಟ್ರ ಹತ್ತಿರ ಇಲ್ಲದ ಶಬ್ದ ತರಬೇಕು. ಒಂದಲ್ಲ, ಒಂದು ಹಿಡಿ ತರಬೇಕು. ಲಲಿತನ ಎದುರಿಗೇ ಹೇಳಬೇಕು. ಶಬ್ದ ಅಂದರೆ ಇದು, ಇದು ನಿನ್ನ ಗಂಡ ತಂದದ್ದು ಅನ್ನಬೇಕು. ತಂತಿ ತರುವ ನೆಪ ಮಾಡಿ ತೀರ್ಥಹಳ್ಳಿಗೆ ಹೊರಟೆ. ತಂತಿ ಕಟ್ಟಿಸಿ, ಮಧ್ಯಾಹ್ನದ ಬಿಸಿಲಲ್ಲಿ, ಜನ್ಮದಲ್ಲಿ ಮೊದಲ ಸಲ ಒಂದು ಬಾರಿನ ಒಳಗೆ ಕಾಲಿಟ್ಟೆ. ಕುಡುಕನ ಪಾತ್ರ ಇಷ್ಟು ವರ್ಷ ಮಾಡಿದವನಿಗೆ ಅಲ್ಲಿ ಎಲ್ಲಿ ಕೂರಬೇಕು ಅಂತಲೂ ಗೊತ್ತಾಗಲಿಲ್ಲ.

ಸೋಡ ಹೇಳಿದೆ, ಮಸಾಲೆ ಶೇಂಗಾ ಹೇಳಿದೆ. ಪಕ್ಕದ ಮೇಜಿನಲ್ಲಿ ಇಬ್ಬರಿದ್ದರು. ಗಂಟಲು ಸರಿಮಾಡ್ಕೊಂಡು ಕೇಳಿದೆ, "ಅಣ್ಣ, ನಿಮ್ಮಲ್ಲಿ ಇದು ಜಾಸ್ತಿ ಆದವರಿಗೆ ಎಂತ ಹೇಳ್ತೀರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಲೋಟ ತಗೊಂಡು ಬೇರೆ ಮೇಜಿಗೆ ಹೋದ. ನನ್ನನ್ನು ಅಬಕಾರಿಯವನು ಅಂದುಕೊಂಡಿರಬೇಕು. ಇನ್ನೊಬ್ಬನಿಗೆ ಆಗಲೇ ಚೆನ್ನಾಗಿ ಏರಿತ್ತು. ಅವನು ನನ್ನ ಎದುರಿಗೆ ಬಂದು ಕೂತು, ಕೈ ಹಿಡ್ಕೊಂಡ.

"ನಾವು ಎಂತ ಹೇಳೋದು ಅಣ್ಣ, ಹೆಸರಿಡೋರು ಹೊರಗೆ ಇರೋರು. ನಾವು ಸರಿ ಇದೀವಿ ಅಂತೀವಿ."

"ಅಷ್ಟೇನಾ?"

"ನೀನು ಕೇಳಿದ್ಯಲ್ಲ, ಅದೇ ದೊಡ್ಡದು. ಯಾರೂ ಕೇಳಲ್ಲ ನಮ್ಮನ್ನ!" ಅಂದವನೇ ಎದ್ದು ನನ್ನನ್ನು ತಬ್ಬಿಕೊಂಡ. ಅವನ ಕೈಯಲ್ಲಿದ್ದ ಲೋಟ ನನ್ನ ಅಂಗಿ ಮೇಲೆ ಪೂರಾ ಖಾಲಿಯಾಯಿತು.

ಇದು ನನ್ನ ಶಬ್ದ ಬೇಟೆ. ಒಂದು ಶಬ್ದವೂ ಸಿಗಲಿಲ್ಲ, ಅಂಗಿ ಮಾತ್ರ ನೆನೆಯಿತು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದು ಎದ್ದು ಹೋದಳು. ಪರಿಚಯದ ಕಂಡಕ್ಟರು, "ಏನ್ ಸತ್ಯಣ್ಣ, ಈ ಸಲ ಪಾತ್ರಕ್ಕೆ ಭಾರೀ ತಯಾರಿ!" ಅಂದ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಪಾತ್ರ ನನ್ನದಲ್ಲ ಮಾರಾಯ ಅನ್ನಲಿಕ್ಕಾಗದೆ ಕಿಟಕಿ ಕಡೆ ತಿರುಗಿ ಕೂತೆ.

ದೀಪ ಹಚ್ಚುವ ಹೊತ್ತಿಗೆ ಮನೆ ಹತ್ತಿರ ಬಂದೆ. ಅಂಗಳದ ಗೇಟು ಕಂಡಾಗ ನನಗೆ ಒಂದು ಹುಚ್ಚು ಹಿಡಿಯಿತು. ಆ ಮೇಷ್ಟ್ರಿಗೆ ಶಬ್ದ ಗೊತ್ತಿರಬಹುದು, ಈ ನಡಿಗೆ ಬರ್ತದಾ? ಇವತ್ತು ಹತ್ತಿರದಿಂದ ಕಂಡ ಮನುಷ್ಯ ಹೇಗೆ ಎದ್ದ, ಹೇಗೆ ಮೇಜು ಹಿಡಿದ, ಎಲ್ಲ ಕಣ್ಣಲ್ಲೇ ಇತ್ತು. ಒಂದು ಸಲ ಮಾಡಿ ನೋಡಿದೆ. ಗೇಟು ಹಿಡಿದು ನಿಂತೆ. ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡೆ. ತಲೆ ಸವರಿಕೊಂಡೆ. ಆಮೇಲೆ ದೊಡ್ಡ ಮನುಷ್ಯನ ಹಾಗೆ, ಒಂದು ಕಾಲು, ನಿಂತು, ಇನ್ನೊಂದು ಕಾಲು. ಅಂಗಳ ದಾಟುವಾಗ ನನಗೇ ಅನ್ನಿಸಿತು, ಇಷ್ಟು ಚೆನ್ನಾಗಿ ಈ ಪಾತ್ರ ನಾನು ಯಾವತ್ತೂ ಮಾಡಿರಲಿಲ್ಲ.

ಮೆಟ್ಟಿಲಿಗೆ ಕಾಲಿಡುವಾಗ ಕಿಟಕಿಯಿಂದ ಲಲಿತನ ದನಿ ಕೇಳಿತು. ಸಿಟ್ಟಿಲ್ಲ, ಅಳುವಿಲ್ಲ. ಹಾಲು ಇಟ್ಟಿದೀನಿ ನೋಡ್ಕೋ ಅಂದ ಹಾಗೆ.

"ರಮ್ಯಾ, ನೆಂಟ್ರು ಬಂದ್ರು. ಪುಸ್ತಕ ತಗೊಂಡು ಒಳಗೆ ಹೋಗು."

ಕುರ್ಚಿ ಸರಿದ ಸದ್ದು. ಒಳಕೋಣೆಯ ಚಿಲಕ ಬಿದ್ದ ಸದ್ದು. ನನ್ನ ಮಗಳು ಒಂದು ಮಾತು ಕೇಳದೆ ಎದ್ದು ಹೋಗಿದ್ದಳು.

ಆ ಶಬ್ದ ನನಗೆ ಸಿಗಲಿಲ್ಲ ಅಂತ ಅಷ್ಟು ದಿನ ಕುದ್ದಿದ್ದೆನಲ್ಲ, ಸಿಕ್ಕಿತು. ಮೆಟ್ಟಿಲ ಮೇಲೇ ಕೂತುಬಿಟ್ಟೆ. ಲಲಿತ ಬಾಗಿಲಿಗೆ ಬಂದು ನಿಂತಳು. ಒಂದು ಕೈ ಬಾಗಿಲ ದಾರಂದದ ಮೇಲೆ. ನನ್ನನ್ನು ನೋಡ್ತಿರಲಿಲ್ಲ, ನನ್ನ ಕೈಗಳನ್ನು ನೋಡ್ತಿದ್ದಳು.

"ನಾನು ಕುಡಿದಿಲ್ಲ ಮಾರಾಯ್ತಿ" ಅಂದೆ.

"ಸರಿ, ಕೈಕಾಲು ತೊಳ್ಕೊಳ್ಳಿ. ಊಟ ಇಡ್ತೀನಿ."

"ಲಲಿತಾ, ದೇವರಾಣೆ. ಸೋಡ. ಯಾರೋ ಮೈಮೇಲೆ ಚೆಲ್ಲಿದ. ಬಾಯಿ ಮೂಸಿ ನೋಡು ಬೇಕಾದ್ರೆ."

ಅವಳು ಬಗ್ಗಿ ನಿಜವಾಗಿಯೂ ಮೂಸಿದಳು. ಶೇಂಗಾದ ವಾಸನೆ ಬಿಟ್ಟು ಬೇರೆ ಏನೂ ಇರಲಿಲ್ಲ. ಆಗ ಅವಳೂ ನನ್ನ ಪಕ್ಕ ಕೂತಳು.

"ಹಾಗಾದ್ರೆ ಗೇಟಿನ ಹತ್ರ ಅದೆಂತ ಮಾಡಿದ್ರಿ?"

"ಪಾತ್ರ" ಅಂದೆ.

"ಅಪ್ಪಯ್ಯನೂ ಹಾಗೇ. ಗೇಟು ಹಿಡ್ಕೊಂಡು ನಿಲ್ಲೋರು. ಗುಂಡಿ ಮುಟ್ಟಿ ನೋಡ್ಕೊಳ್ಳೋರು. ಇವತ್ತಾದ್ರೂ ಸರಿ ಇದ್ದಾರೆ ಅಂತ ಅಮ್ಮಂಗೆ ಅನ್ನಿಸಲಿ ಅಂತ." ಆಮೇಲೆ ಹೇಳಿದಳು, "ನೀವು ಪ್ರತಿ ವರ್ಷ ಕನ್ನಡಿ ಎದುರಿಗೆ ಅದನ್ನೇ ಮಾಡ್ತಿದ್ರಿ. ನಾನು ಹಿತ್ತಲಿಗೆ ಹೋಗ್ತಿದ್ದೆ."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಸುಮ್ಮನಾಗ್ತಿದ್ದರೋ ಏನೋ. ನನ್ನ ಹೊಟ್ಟೆ ಸುಮ್ಮನಿರಲಿಕ್ಕೆ ಬಿಡಬೇಕಲ್ಲ. ಕೇಳಿಯೇ ಬಿಟ್ಟೆ.

"ಮತ್ತೆ ನನಗೆ ಒಂದು ದಿನವೂ ಹೇಳಲಿಲ್ಲ. ಆ ಮೇಷ್ಟ್ರು ಕೇಳಿದ ಕೂಡ್ಲೆ ಹೇಳಿದ್ಯಲ್ಲ!"

ಅವಳು ನನ್ನ ಮುಖ ನೋಡಿದಳು. ಆ ದಿನಗಳಲ್ಲಿ ಮೊದಲ ಸಲ ನನಗೇನಾಗಿತ್ತು ಅಂತ ಅವಳಿಗೆ ತಿಳಿದಿರಬೇಕು. ನಗುವೂ ಬಂತು, ಕಣ್ಣೂ ತುಂಬಿತು.

"ಅವರಿಗೆ ಹೇಳಿದ್ರೆ ಒಂದು ಶಬ್ದ ಹೇಳಿದ ಹಾಗೆ, ಮುಗೀತು. ನಿಮಗೆ ಹೇಳಿದ್ರೆ ಪೂರಾ ಹೇಳ್ಬೇಕಿತ್ತಲ್ಲ."

"ಹೇಳು" ಅಂದೆ.

ಹೇಳಿದಳು. ಅಂಗಿ ಬಿಚ್ಚಿಸಿ ಬಕೆಟ್ಟಿಗೆ ಹಾಕಿ, ಸೋಪು ತಿಕ್ಕುತ್ತಾ ಹೇಳಿದಳು. ನಾನು ನೀರು ಹೊಯ್ಯುತ್ತಾ ಕೇಳಿದೆ. ಆಮೇಲೆ ರಮ್ಯಳನ್ನು ಕರೆದು, ಅಪ್ಪ ಸರಿ ಇದಾರೆ, ಬಾ ಅಂದಳು. ರಮ್ಯ ಚಿಲಕ ತೆಗೆದು, ಬಾಗಿಲ ಸಂದಿಯಿಂದ ಮೊದಲು ನನ್ನ ಕಣ್ಣು ನೋಡಿ, ಆಮೇಲೆ ಹೊರಗೆ ಬಂದಳು.

ಮಾರನೇ ದಿನ ತಾಲೀಮಿಗೆ ಹೋಗಿ ಮೇಷ್ಟ್ರನ್ನು ಪಕ್ಕಕ್ಕೆ ಕರೆದೆ. ನಾಟಕದಲ್ಲಿ ಬೇರೆ ಯಾವ ಶಬ್ದ ಬೇಕಾದರೂ ಹೇಳಿ, 'ನೆಂಟ್ರು' ಬೇಡ ಅಂದೆ. ಯಾಕೆ ಅಂತಲೂ ಕೇಳದೆ, "ಆಯ್ತು ಸತ್ಯಣ್ಣ, ಬಿಟ್ಟೆ" ಅಂದರು. ಭಟ್ಟರು ಗೊಣಗಿದ್ದಕ್ಕೆ ತಾವೇ ಸಮಾಧಾನ ಹೇಳಿದರು. ಇಂಥ ಒಳ್ಳೆಯವರನ್ನು ದ್ವೇಷ ಮಾಡೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ಆದರೂ ಬಿಡಲಿಲ್ಲ ನಾನು.

ರಾಜ್ಯೋತ್ಸವದ ಸಂಜೆ ಲಲಿತ ಬಂದಳು. ನಾನು ಕರೆದಿರಲಿಲ್ಲ. ಖಾಕಿ ಹಾಕಿ, ಸ್ಪಿರಿಟ್ ಗಮ್ಮಿನಲ್ಲಿ ಮೀಸೆ ಅಂಟಿಸಿಕೊಂಡು ಪರದೆಯ ಸಂದಿಯಿಂದ ಇಣುಕಿದರೆ, ಹಿಂದಿನ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದಳು. ಮೇಷ್ಟ್ರು ಕುಡುಕನಾಗಿ ಬಂದು ಟೈಟು, ಚಿತ್ತು, ಅಮಲಿನ ವಂಶಾವಳಿ ಎಲ್ಲ ಹೇಳಿದರು. ಜನ ಬಿದ್ದು ಬಿದ್ದು ನಕ್ಕರು. ನಡಿಗೆ ಮಾತ್ರ ದಂಡ, ಸುಮ್ಮನೆ ವಾಲಾಡ್ತಿದ್ದರು. ಲಲಿತನೂ ನಕ್ಕಳು. ಆ ನಡಿಗೆ ಸುಳ್ಳು ಅಂತ ಗೊತ್ತಿದ್ದದ್ದಕ್ಕೇ ನಗಲಿಕ್ಕೆ ಆಯಿತೇನೋ ಅವಳಿಗೆ. ನಾನು ಲಾಠಿ ಹಿಡಿದು ಹೋಗಿ ಮೇಷ್ಟ್ರ ಕಾಲರು ಹಿಡಿದೆ, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಹಿಡಿದೆ.

ನಾಟಕ ಮುಗಿದ ಮೇಲೆ ಮೇಷ್ಟ್ರು ಬಣ್ಣ ಒರೆಸಿಕೊಳ್ಳುತ್ತಲೇ ಲಲಿತನ ಹತ್ತಿರ ಬಂದರು. ಮೈಯಿಂದ ಅದೇ ಸ್ಪಿರಿಟ್ ಗಮ್ಮಿನ ವಾಸನೆ. ಕೈಮುಗಿದು ಕೇಳಿದರು, "ಲಲಿತಕ್ಕ, ಅವತ್ತು ಹೇಳಿದ್ರಲ್ಲ, ಅಂಥ ಶಬ್ದ ನಿಮ್ಮ ಮನೆಯಲ್ಲಿ ಇನ್ನೇನಾದ್ರೂ ಇತ್ತಾ?"

ನನ್ನ ಮೀಸೆ ಅರ್ಧ ಕಿತ್ತಿದ್ದು ಹಾಗೇ ನೇತಾಡ್ತಿತ್ತು.

ಲಲಿತ ನನ್ನ ಕಡೆ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದಳು.

"ಇಲ್ಲ ಮೇಷ್ಟ್ರೆ, ಅಷ್ಟೇ."